ನೆಲ ಡೊಂಕೆಂದವರ ಋಣ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಕಟ್ಟಿ ನಮ್ಮ ಹಿರಿಯರು ಆ ಹೆಂಗಸನ್ನು ಶಾಶ್ವತವಾಗಿ ನಗೆಪಾಟಲು ಮಾಡಿಬಿಟ್ಟರು. ಆದರೆ ಸಾಲ್ಸಾ, ಮಾಂಬೊ, ರುಂಬಾ, ಚಾಚಾಚಾ ಎಂದು ಹೊಟ್ಟೆ ಹೊರೆಯುವ ಲ್ಯಾಟಿನ್ ನೃತ್ಯಗಾರರ ಲೆಕ್ಕದ ಪುಸ್ತಕ ತೆರೆದರೆ ಜಮೆಯ ಕಡೆ ಪೂರಾ ಅವಳದೇ ಹೆಸರು. ಚೆನ್ನಾಗಿ ಕುಣಿಯುವವರಿಂದ ಈ ಕಸುಬಿಗೆ ಚಿಕ್ಕಾಸೂ ಹುಟ್ಟುವುದಿಲ್ಲ. ಅವರು ಕ್ಲಬ್ಬಿಗೆ ಬಂದು, ಒಂದು ಬಾಟಲಿ ನೀರು ಕೊಂಡು, ಮಧ್ಯರಾತ್ರಿಯವರೆಗೆ ಕುಣಿದು, ಖಾಲಿ ಬಾಟಲಿಯನ್ನು ನಲ್ಲಿಯಲ್ಲಿ ತುಂಬಿಸಿಕೊಂಡು ಮನೆಗೆ ಹೋಗುವ ಜಾತಿ. ತಪ್ಪದೆ ಫೀಸು ಕಟ್ಟುವವರು, ಹೊಸ ಶೂ ಕೊಳ್ಳುವವರು, ಮೇಷ್ಟ್ರ ಪ್ರದರ್ಶನಕ್ಕೆ ಟಿಕೆಟ್ ತೆಗೆದು ಮೊದಲ ಸಾಲಿನಲ್ಲಿ ಕೂರುವವರು ಎಲ್ಲರೂ ಎಡಗಾಲು ಯಾವುದು ಬಲಗಾಲು ಯಾವುದು ಎಂದು ಇನ್ನೂ ಯೋಚಿಸುತ್ತಿರುವವರು. ಆದ್ದರಿಂದ ನನ್ನ ವಾದ ಇಷ್ಟು: ಲ್ಯಾಟಿನ್ ನೃತ್ಯದ ವೃತ್ತಿಯಲ್ಲಿ ವೇದಿಕೆಯ ಮೇಲಿನ ಮಿಂಚು ಬರೀ ಜಾಹೀರಾತು. ಸಂಸಾರ ಸಾಗುವುದು ಕ್ಲಾಸಿನಿಂದ. ಅಷ್ಟೇ ಅಲ್ಲ, ಈ ಕಲೆ ಊರೂರಿಗೆ ಹಬ್ಬಿದ್ದೂ ಕುಣಿಯಲು ಬಾರದವರ ಕೃಪೆಯಿಂದಲೇ.

ಸಾಕ್ಷಿ ಬೇಕೆಂದರೆ ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು 53ನೇ ಬೀದಿ ಕೂಡುವಲ್ಲಿದ್ದ ಪಲೇಡಿಯಂ ಬಾಲ್‌ರೂಮನ್ನು ನೋಡಿ. 1940ರ ದಶಕದ ಕೊನೆಯಿಂದ 1966ರಲ್ಲಿ ಬಾಗಿಲು ಹಾಕುವವರೆಗೆ ಮಾಂಬೊಗೆ ಅದೇ ರಾಜಧಾನಿ. ಮಚೀಟೊ, ಟೀಟೊ ಪುವೆಂತೆ, ಟೀಟೊ ರೊಡ್ರಿಗೆಸ್ ಮೂವರ ವಾದ್ಯವೃಂದಗಳೂ ಅಲ್ಲಿ ಪೈಪೋಟಿಗೆ ಬಿದ್ದು ನುಡಿಸುತ್ತಿದ್ದವು. ನೆಲದ ಮೇಲೆ ಕ್ಯೂಬನ್ ಪೀಟ್ ಎಂಬ ಹೆಸರಿನ, ಆದರೆ ಪೋರ್ಟೊರಿಕೊ ಮೂಲದ ನರ್ತಕ, ಮಿಲಿ ಎಂಬ ಇಟಾಲಿಯನ್ ಮನೆತನದ ಜೊತೆಗಾರ್ತಿಯೊಂದಿಗೆ ಸುಳಿಗಾಳಿಯೆಬ್ಬಿಸುತ್ತಿದ್ದ. ಇಷ್ಟೆಲ್ಲ ಪ್ರತಿಭೆ ಒಂದೇ ಸೂರಿನಡಿ ಇದ್ದರೂ ಬುಧವಾರ ಸಂಜೆ ಆ ದೊಡ್ಡ ಹಾಲ್ ತುಂಬಿಸುವುದಕ್ಕೆ ಬೇಕಾದದ್ದು ಮಾಂಬೊ ಪಾಠ. ಹೇಳಿಕೊಡುತ್ತಿದ್ದವನು ‘ಕಿಲ್ಲರ್ ಜೋ’ ಪೈರೊ, ಅವನೂ ಇಟಾಲಿಯನ್ ಮನೆತನದವನೇ. ಜೊತೆಗಾರ್ತಿಯರು ಸುಸ್ತಾಗಿ ಕೂರುವವರೆಗೆ ಕುಣಿಯುತ್ತಿದ್ದುದರಿಂದ ಆ ಬಿರುದು ಬಂತಂತೆ. ಮೊದಲು ಪಾಠ, ಆಮೇಲೆ ಸ್ಪರ್ಧೆ, ಆಮೇಲೆ ಪರಿಣತರ ಪ್ರದರ್ಶನ. ಪಾಠಕ್ಕೆ ಬಂದವರು ಉಳಿದದ್ದನ್ನೂ ನೋಡಿಕೊಂಡು ಹೋಗುತ್ತಿದ್ದರು. ಅದಕ್ಕೂ ಮುಂಚೆ, 1920ರ ದಶಕದಲ್ಲೇ, ಆರ್ಥರ್ ಮರ್ರೆ ಎಂಬ ಪುಣ್ಯಾತ್ಮ ಕಾಗದದ ಮೇಲೆ ಹೆಜ್ಜೆಗುರುತು ಅಚ್ಚುಹಾಕಿ ಅಂಚೆಯಲ್ಲಿ ನೃತ್ಯ ಕಳಿಸಿ ದುಡ್ಡು ಮಾಡಿದ್ದ. ಕಾಗದವನ್ನು ನೆಲಕ್ಕೆ ಹಾಸಿ ಅದರ ಮೇಲೆ ಪಾದವಿಟ್ಟರೆ ನೃತ್ಯವಾಯಿತು. ನೆಲ ಡೊಂಕು ಎನ್ನಲು ಅವಕಾಶವೇ ಇರಲಿಲ್ಲ, ನೆಲವನ್ನೂ ಅವನೇ ಕಳಿಸುತ್ತಿದ್ದನಲ್ಲ!

ಪಲೇಡಿಯಂ ಮುಚ್ಚಿದ ಮೇಲೆ ಮಾಂಬೊ ಸಾಲ್ಸಾ ಎಂಬ ಹೊಸ ಹೆಸರು ಹೊತ್ತು ಬದುಕಿತು. ಆ ಕಾಲದ ಎಡ್ಡಿ ಟೊರೆಸ್‌ನ ವೃತ್ತಿಜೀವನ ನನ್ನ ವಾದಕ್ಕೆ ಹೇಳಿ ಮಾಡಿಸಿದಂತಿದೆ. 1950ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮನೆತನದಲ್ಲಿ ಹುಟ್ಟಿದ ಈತ ಕ್ಲಬ್ಬುಗಳಲ್ಲಿ ನೋಡಿ ನೋಡಿ ಕಲಿತವನು. ಟೀಟೊ ಪುವೆಂತೆಯ ವಾದ್ಯವೃಂದದೆದುರು ಕುಣಿದವನು. ಒಬ್ಬ ನರ್ತಕನಿಗೆ ಇದಕ್ಕಿಂತ ದೊಡ್ಡ ವೇದಿಕೆ ಇಲ್ಲ. ಆದರೂ ಇವತ್ತು ಅವನ ಹೆಸರು ನಿಂತಿರುವುದು ಎಣಿಕೆಯಿಂದ. ಜೂನ್ ಲಬರ್ಟಾ ಎಂಬ ಬಾಲ್‌ರೂಮ್ ಶಿಕ್ಷಕಿ, ಕಾಲಿಗೆ ಗೊತ್ತಿರುವುದನ್ನು ಬಾಯಲ್ಲೂ ಹೇಳಲು ಕಲಿ ಎಂದು ಅವನ ಬೆನ್ನುಹತ್ತಿದಳು. ಅವನು ಹೆಜ್ಜೆಗಳಿಗೆ ಹೆಸರಿಟ್ಟ, ತಾಳಕ್ಕೆ ಲೆಕ್ಕ ಕೊಟ್ಟ: ಒಂದು ಎರಡು ಮೂರು, ಐದು ಆರು ಏಳು. ನಾಲ್ಕು ಮತ್ತು ಎಂಟನ್ನು ನುಂಗಬೇಕು, ಎರಡರಲ್ಲಿ ಮತ್ತು ಆರರಲ್ಲಿ ದಿಕ್ಕು ಬದಲಿಸಬೇಕು. ಒಂದರಲ್ಲೇ ದಿಕ್ಕು ಬದಲಿಸುವ ಲಾಸ್ ಏಂಜಲೀಸಿನವರು ಒಪ್ಪಲಿಲ್ಲ. ಎರಡು, ಮೂರು, ನಾಲ್ಕರ ಮೇಲೆ ಹೆಜ್ಜೆ ಇಡುತ್ತಿದ್ದ ಪಲೇಡಿಯಂ ಕಾಲದ ಹಿರಿಯರೂ ಒಪ್ಪಲಿಲ್ಲ. ತೆಂಗಲೆ ವಡಗಲೆಯವರ ನಾಮದ ಜಗಳವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮುಖ್ಯ ಸಂಗತಿ ಎಂದರೆ, ಎಣಿಕೆಯಾದ ಕೂಡಲೇ ಆ ನೃತ್ಯ ವಿಡಿಯೊ ಕ್ಯಾಸೆಟ್ಟಿನಲ್ಲಿ ಕೂತು ವಿಮಾನ ಹತ್ತಿತು. ಟೊರೆಸ್‌ನ ಕುಣಿತವನ್ನು ಯಾರೂ ಕದಿಯಲಾಗಲಿಲ್ಲ, ಅವನ ಎಣಿಕೆಯನ್ನು ಮಾತ್ರ ಲೋಕವೇ ಕಲಿಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹವಾನಾ, ಸಾನ್ ಹುವಾನ್, ಕೊಲಂಬಿಯಾದ ಕಾಲಿ ಊರುಗಳಲ್ಲಿ ಮಕ್ಕಳು ಅಡುಗೆಮನೆಯಲ್ಲಿ ಅತ್ತೆ, ಚಿಕ್ಕಮ್ಮಂದಿರ ಕೈ ಹಿಡಿದು ಕಲಿಯುತ್ತಾರೆ, ಫೀಸು ಕಟ್ಟಿ ಏಳರವರೆಗೆ ಎಣಿಸುವುದು ನೃತ್ಯಕ್ಕೆ ಮಾಡುವ ಅವಮಾನ ಎನ್ನುತ್ತಾರೆ. ಆಕ್ಷೇಪದಲ್ಲಿ ತಿರುಳಿದೆ. ಎಣಿಸುತ್ತಾ ಕುಣಿಯುವವನ ಮುಖ ನೋಡಿದರೆ ಕುಣಿಯುತ್ತಿದ್ದಾನೋ ಆದಾಯ ತೆರಿಗೆ ಲೆಕ್ಕ ಹಾಕುತ್ತಿದ್ದಾನೋ ತಿಳಿಯುವುದಿಲ್ಲ. ಆದರೆ ಅಂಥ ಚಿಕ್ಕಮ್ಮ ಎಲ್ಲರಿಗೂ ಇರಬೇಕಲ್ಲ? ಲಂಡನ್ನಿನಲ್ಲಿ ಇರಲಿಲ್ಲ. ಅಲ್ಲಿ ಪಿಯರ್ ಎಂಬ ಒಂಟಿ ಹೆಸರಿನಿಂದ ಪ್ರಸಿದ್ಧನಾದ ಶಿಕ್ಷಕ ವರ್ಷಗಟ್ಟಲೆ ರುಂಬಾ ಕಲಿಸಿದ ಮೇಲೆ 1947ರಲ್ಲಿ ಹವಾನಾಕ್ಕೆ ಹೋಗಿ ನೋಡಿದರೆ, ಅಲ್ಲಿಯವರು ಕುಣಿಯುವುದೇ ಬೇರೆ! ಊರಿಗೆ ಮರಳಿ, ಡೊರಿಸ್ ಲವೆಲ್ ಜೊತೆ ಸೇರಿ, ಕ್ಯೂಬಾದವರ ಪದ್ಧತಿಯೇ ಸರಿ ಎಂದು ಸಹೋದ್ಯೋಗಿಗಳೊಡನೆ ವರ್ಷಗಟ್ಟಲೆ ಜಗಳವಾಡಿದ. ತಾನೇ ಕಲಿಸಿದ್ದನ್ನು ತಾನೇ ಅಲ್ಲಗಳೆಯುವ ಎದೆಗಾರಿಕೆ ಎಷ್ಟು ಮೇಷ್ಟ್ರುಗಳಿಗಿದೆ? ಅದೇ ಇಂಗ್ಲೆಂಡಿನ ಮೇಷ್ಟ್ರುಗಳು ಸ್ಪರ್ಧೆಗೆಂದು ಐದು ‘ಲ್ಯಾಟಿನ್’ ನೃತ್ಯಗಳನ್ನು ಗೊತ್ತುಮಾಡಿದಾಗ ಸಾಂಬಾ, ರುಂಬಾ, ಚಾಚಾಚಾಗಳ ಜೊತೆ ಸ್ಪೇನಿನ ಗೂಳಿಕಾಳಗದ ಪಾಸೊ ಡೊಬ್ಲೆಯನ್ನೂ ಅಮೆರಿಕದ ಸೈನಿಕರು ಬಿಟ್ಟುಹೋದ ಜೈವ್ ಅನ್ನೂ ಸೇರಿಸಿಬಿಟ್ಟರು ಎನ್ನುವುದು ಬೇರೆ ಮಾತು. ಇನ್ನು ಕಾಲಿ ಊರಿನ ವಿಷಯ. 33ರ ವೇಗದ ರೆಕಾರ್ಡನ್ನು 45ರಲ್ಲಿ ತಿರುಗಿಸಿ, ಆ ಓಟಕ್ಕೆ ತಕ್ಕಂತೆ ಕಾಲಾಡಿಸಲು ಕಲಿತ ಊರದು. ಅಲ್ಲೂ ಈಗ ಬಡಾವಣೆ ಬಡಾವಣೆಗೆ ಸಾಲ್ಸಾ ಶಾಲೆಗಳಿವೆ. ಚಿಕ್ಕಮ್ಮಂದಿರ ಕೈಲಿ ಕಲಿತವರೇ ಅವನ್ನು ನಡೆಸುತ್ತಾರೆ, ಚಿಕ್ಕಮ್ಮಂದಿರು ಫೀಸು ಕೊಡಲಿಲ್ಲವಲ್ಲ!

ವೇದಿಕೆಯಲ್ಲಿ ಗೆಲ್ಲಲಾಗದವರು ಮೇಷ್ಟ್ರಾಗುತ್ತಾರೆ ಎಂಬ ಇನ್ನೊಂದು ಮಾತು ಕೇಳಲು ಚಂದ, ಆದರೆ ಸುಳ್ಳು. ಸೊಂಟದ ವಿಷಯವನ್ನೇ ತೆಗೆದುಕೊಳ್ಳಿ. ಲ್ಯಾಟಿನ್ ಕ್ಲಾಸಿಗೆ ಬರುವವರೆಲ್ಲ ಸೊಂಟ ಕುಣಿಸಲು ಬರುತ್ತಾರೆ, ಬಂದ ದಿನವೇ ಹಲ್ಲು ಕಚ್ಚಿಕೊಂಡು ಅದನ್ನು ಅತ್ತಿತ್ತ ಎಳೆದಾಡುತ್ತಾರೆ. ನುರಿತ ಮೇಷ್ಟ್ರು ಸೊಂಟದ ಸುದ್ದಿಯನ್ನೇ ಎತ್ತುವುದಿಲ್ಲ. ಮಂಡಿ ಮಡಿಸಿ ಪಾದದ ಮುಂಭಾಗವನ್ನು ನೆಲಕ್ಕಿಡಿ, ಭಾರ ಹಾಕಬೇಡಿ. ಈಗ ಹಿಮ್ಮಡಿ ಇಳಿಸಿ, ಭಾರ ಹಾಕಿ, ಮಂಡಿ ನೇರ ಮಾಡಿ. ಅಷ್ಟು ಮಾಡಿದರೆ ಸೊಂಟ ತಾನಾಗಿಯೇ ಆ ಕಡೆ ಹೋಗಿ ಕೂರುತ್ತದೆ. ವೇದಿಕೆಯ ನರ್ತಕನ ಮೈಗೆ ಇದು ಗೊತ್ತು, ಅವನಿಗೇ ಗೊತ್ತಿರಬೇಕೆಂದೇನಿಲ್ಲ. ಮೇಲಾಗಿ ವೇದಿಕೆಯ ಬಾಳು ಎಷ್ಟು? 1997ರಲ್ಲಿ ಪೋರ್ಟೊರಿಕೊದಲ್ಲಿ ಆರಂಭವಾದ ಸಾಲ್ಸಾ ಕಾಂಗ್ರೆಸ್ಸುಗಳ ಮಾದರಿ ಈಗ ಎಲ್ಲೆಡೆ ಇದೆ. ಹೆಸರಾಂತ ನರ್ತಕರು ರಾತ್ರಿ ಕೆಲವೇ ನಿಮಿಷ ಮಿಂಚಿದರೆ ಹಗಲೆಲ್ಲ ವರ್ಕ್‌ಶಾಪಿನಲ್ಲಿ ಬೆವರು ಹರಿಸುತ್ತಾರೆ. ಆ ಕೆಲವು ನಿಮಿಷಕ್ಕೆ ಮುನ್ನ ಶೂವಿನ ಸ್ವೇಡ್ ಅಟ್ಟೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಕು, ಇಲ್ಲದಿದ್ದರೆ ಅದು ನುಣುಪಾಗಿ ಕಾಲು ಜಾರುತ್ತದೆ. ಸ್ಪರ್ಧೆಗೆ ಹೋಗುವ ಬಿಳಿಯರಾದರೆ ಮೈತುಂಬಾ ಕಂದು ಬಣ್ಣವನ್ನೂ ಬಳಿದುಕೊಳ್ಳುತ್ತಾರೆ. ಬೆಳ್ಳಗಾಗಲು ಕ್ರೀಮು ಹಚ್ಚಿಯೇ ಮದುವೆ ಮನೆಗೆ ಹೊರಡುವ ನಾವು, ಪುಕ್ಕಟೆಯಾಗಿ ಸಿಕ್ಕ ಆ ಒಂದು ಅರ್ಹತೆಯನ್ನು ಎಷ್ಟು ಹಾಳುಮಾಡಿಕೊಂಡಿದ್ದೇವೆ ನೋಡಿ.

ಕುಣಿಯಲು ಬಾರದವರ ಋಣ ಬೆತ್ತಲೆಯಾಗಿ ಕಾಣಬೇಕೆಂದರೆ ಅಮೆರಿಕದ ‘ಪ್ರೊ-ಆ್ಯಮ್’ ಸ್ಪರ್ಧೆ ನೋಡಬೇಕು. ಅಲ್ಲಿ ವಿದ್ಯಾರ್ಥಿನಿ ತನ್ನ ಮೇಷ್ಟ್ರ ಜೊತೆಗೇ ಸ್ಪರ್ಧೆಗಿಳಿಯುತ್ತಾಳೆ. ಪ್ರವೇಶ ಶುಲ್ಕ ಅವಳದು, ಉಡುಪು ಅವಳದು, ಮೇಷ್ಟ್ರ ಸಂಭಾವನೆಯೂ ಅವಳದೇ. ಸಂಖ್ಯೆಯ ಚೀಟಿ ಮಾತ್ರ ಮೇಷ್ಟ್ರ ಬೆನ್ನಿನ ಮೇಲೆ, ಅಂಕ ಬೀಳುವುದು ಅವಳಿಗೆ. ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳ ಕಡೆ ಕಚೇರಿ ಮುಗಿಸಿ, ಲ್ಯಾಪ್‌ಟಾಪ್ ಚೀಲವನ್ನು ಗೋಡೆಗೊರಗಿಸಿ ಸಾಲಾಗಿ ನಿಲ್ಲುವ ಸಾಲ್ಸಾ ವಿದ್ಯಾರ್ಥಿಗಳು ಅಷ್ಟು ದೂರ ಹೋಗುವುದು ಅಪರೂಪ. ಆದರೆ ವಾರಕ್ಕೊಂದು ಹೊಸ ಸುತ್ತು ಕಲಿಸದಿದ್ದರೆ ಅವರೂ ಜುಂಬಾ ಕಡೆ ವಾಲುತ್ತಾರೆ. ಈ ಕಸುಬಿಗೆ ಹಿಡಿದ ನಿಜವಾದ ಹುಳುಕು ಇದೇ ಎಂದು ನನ್ನ ಭಾವನೆ. ನೆಟ್ಟಗೆ ಒಂದು ಹೆಜ್ಜೆ ಇಡಲು ಬಾರದವನಿಗೆ ಹನ್ನೆರಡು ಸುತ್ತುಗಳನ್ನು ಮಾರುವುದು. ಅವನಿಗೂ ಅದೇ ಬೇಕು, ಇವರಿಗೂ ಅದರಿಂದಲೇ ಬಾಡಿಗೆ ಸಂದಾಯ.

ಹಾಗಾದರೆ ಇದು ಮೋಸವಲ್ಲವೇ ಎಂಬ ಕೊನೆಯ ಪ್ರಶ್ನೆ ಎಷ್ಟು ಗಂಭೀರವೆಂದರೆ ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 1961ರಲ್ಲಿ ಫ್ಲಾರಿಡಾದಲ್ಲಿ 51 ವರ್ಷದ ಒಬ್ಬ ವಿಧವೆ ನೃತ್ಯಶಾಲೆಯೊಂದಕ್ಕೆ ಕಾಲಿಟ್ಟಳು. ನಿಮ್ಮ ನಡೆಯಲ್ಲಿ ಲಾಲಿತ್ಯವಿದೆ, ನೀವು ಅರಳುತ್ತಿದ್ದೀರಿ ಎಂದು ಹೊಗಳಿ ಹೊಗಳಿ, ಕಂಚು ಬೆಳ್ಳಿ ಚಿನ್ನ ಎಂದು ಒಂದೊಂದೇ ಮೆಟ್ಟಿಲು ಹತ್ತಿಸಿ, ಆಕೆಗೆ 14 ಕೋರ್ಸುಗಳನ್ನು ಮಾರಿದರು. ಒಟ್ಟು 2,302 ಗಂಟೆಗಳ ಪಾಠ, 31,090 ಡಾಲರ್ ಚಿಲ್ಲರೆ. ದಿನಕ್ಕೊಂದು ಗಂಟೆಯಂತೆ ಕಲಿತರೆ ಆರು ವರ್ಷ ದಾಟುತ್ತದೆ. ತನಗೆ ಸಂಗೀತದ ತಾಳ ಕೇಳಿಸುವುದೇ ಕಷ್ಟ ಎಂಬುದು ಆಕೆಯ ದೂರಿನ ಒಂದು ಅಂಶ! ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿತ್ತು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ, ಬಲ್ಲವನು ಬಾರದವನಿಗೆ ಹೇಳುವ ಹೊಗಳಿಕೆಯನ್ನು ಬರೀ ಅಭಿಪ್ರಾಯವೆಂದು ತಳ್ಳಿಹಾಕಲಾಗದು ಎಂದು ದಾವೆಗೆ ಮತ್ತೆ ಜೀವ ಕೊಟ್ಟಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಈ ಪ್ರಕರಣ ಓದುತ್ತಾರೆ, ನೃತ್ಯದ ಮೇಷ್ಟ್ರುಗಳು ಓದುವುದು ಇನ್ನೂ ಒಳ್ಳೆಯದು. ಹಾಗೆಂದು ನಿಮಗೆ ತಾಳ ಬರುವುದಿಲ್ಲ ಎಂದು ಮೊದಲ ದಿನವೇ ಸತ್ಯ ನುಡಿದರೆ ಎರಡನೇ ದಿನ ಕ್ಲಾಸಿನಲ್ಲಿ ಮೇಷ್ಟ್ರೂ ಸ್ಪೀಕರ್ರೂ ಇಬ್ಬರೇ. ಅದಕ್ಕೇ ಅನುಭವಸ್ಥರು ‘ನಾನು ಹೇಗೆ ಕುಣಿಯುತ್ತಿದ್ದೇನೆ?’ ಎಂದು ಕೇಳಿದವರಿಗೆ ಯಾವ ನ್ಯಾಯಾಲಯವೂ ಪ್ರಶ್ನಿಸಲಾಗದ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ: ‘ಹೋದ ವಾರಕ್ಕಿಂತ ಎಷ್ಟೋ ವಾಸಿ.’ ಹೋದ ವಾರ ಕ್ಲಾಸಿಗೇ ಬಾರದಿದ್ದವರಿಗೂ ಅದೇ ಉತ್ತರ.