ಮೂರಡಿ ಜಾಗ

ಗಾತ್ರ ಕುಗ್ಗಿದಷ್ಟೂ ಗೌರವದ ಅಪೇಕ್ಷೆ ಹಿಗ್ಗುವುದೆಂಬುದು ಸಣ್ಣ ಅಧಿಕಾರಿಗಳೊಡನೆ ವ್ಯವಹರಿಸಿದವರೆಲ್ಲರೂ ಬಲ್ಲ ವಿಷಯವಾದರೂ, ಆ ನಿಯಮ ವೃಕ್ಷಕೋಟಿಗೂ ಅನ್ವಯಿಸುವುದೆಂಬ ಜ್ಞಾನ ನನಗೆ ಲಭಿಸಿದ್ದು ನಮ್ಮ ಮೈಸೂರಿನ ಮನೆಯ ಹಿತ್ತಿಲಿನಲ್ಲಿ ಬೋನ್ಸಾಯ್ ಗಿಡಗಳಿಗೊಂದು ನೆಲೆಯನ್ನು ಕಲ್ಪಿಸಲು ಹೊರಟಾಗಲೇ. ಅಲ್ಲಿಯ ತೆಂಗಿನ ಮರ ನಮ್ಮ ತಂದೆಯವರ ಕಾಲದಿಂದಲೂ ಬಚ್ಚಲ ನೀರನ್ನೇ ಕುಡಿದು, ತಕರಾರಿಲ್ಲದೆ ಕಾಯಿ ಕೊಡುತ್ತ ನಿಂತಿದೆ. ಒಂದು ಮೊಳವೂ ಇಲ್ಲದ ಕುಂಡದ ಆಲಕ್ಕಾದರೋ ಪೀಠ ಬೇಕು, ಹಿನ್ನೆಲೆ ಬೇಕು, ಪ್ರಾತಃಕಾಲದ ಬಿಸಿಲು ಬೇಕು, ಅಪರಾಹ್ನದ ನೆರಳು ಬೇಕು.

‘ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮೂರಡಿ ಜಾಗವಾದರೆ ಸಾಕು’ ಎಂದು ನಾನು ಸವಿನಯವಾಗಿ ಬಿನ್ನವಿಸಿಕೊಂಡಾಗ, ಮೂರಡಿ ನೆಲ ಕೇಳಿದವನಿಗೆ ಹೂಂ ಎಂದ ಬಲಿಚಕ್ರವರ್ತಿಯ ಗತಿ ಏನಾಯಿತೆಂಬುದನ್ನು ಪುರಾಣಶ್ರವಣದಿಂದ ಬಲ್ಲ ನನ್ನಾಕೆ, ‘ಮೊದಲನೆಯ ಅಡಿ ಎಲ್ಲಿಡುತ್ತೀರಿ, ಅದನ್ನು ಹೇಳಿ’ ಎಂದಳು. ಮೊದಲನೆಯದು ಒಗೆಯುವ ಕಲ್ಲನ್ನೇ ಸ್ಥಾನಭ್ರಷ್ಟಗೊಳಿಸಿತು. ಎರಡನೆಯದು ಬಟ್ಟೆ ಒಣಹಾಕುವ ತಂತಿಯನ್ನು ಮಹಡಿಗೆ ಅಟ್ಟಿತು. ಮೂರನೆಯದು ಯಾರ ತಲೆಯ ಮೇಲೆ ಬಿದ್ದಿತೆಂಬುದು ಮೇಸ್ತ್ರಿಯ ಲೆಕ್ಕದ ಚೀಟಿ ಕೈಗೆ ಬಂದಾಗ ನನಗೆ ಸ್ಪಷ್ಟವಾಯಿತು.

ಮೇಸ್ತ್ರಿಯೋ ಮಹಾ ಅನುಭವಸ್ಥ. ‘ಕಟ್ಟೆ ಎಷ್ಟೆತ್ತರ ಬೇಕು ಸ್ವಾಮಿ? ನಿಂತು ನೋಡೋರಿಗೋ, ಕೂತು ನೋಡೋರಿಗೋ?’ ಎಂದು ಅವನು ಕೇಳಿದ ಪ್ರಶ್ನೆಯೊಂದರಲ್ಲೇ ಈ ಕಲೆಯ ಅರ್ಧ ಶಾಸ್ತ್ರ ಅಡಗಿದೆ. ನೆಲದ ಮೇಲಿಟ್ಟ ಬೋನ್ಸಾಯ್ ಮೇಲಿನಿಂದ ನೋಡುವವನಿಗೆ ಬರಿಯ ಕುಂಡದ ಗಿಡ. ಅದರ ಕಾಂಡದ ನಡುಭಾಗ ಕಣ್ಣಿನ ಮಟ್ಟಕ್ಕೆ ಬಂದಾಗ ಮಾತ್ರ, ಬೇರುಗಳು ಮಣ್ಣನ್ನು ಹಿಡಿದಿರುವ ಬಗೆಯೂ ಕೊಂಬೆಗಳ ವಿಸ್ತಾರವೂ ಗೋಚರಿಸಿ, ದೂರದ ಬಯಲಿನಲ್ಲಿ ನಿಂತ ಮಹಾವೃಕ್ಷವನ್ನು ಕಂಡಂಥ ಭ್ರಮೆಯುಂಟಾಗುವುದು. ನನ್ನ ಕಣ್ಣಿಗೂ ನನ್ನಾಕೆಯ ಕಣ್ಣಿಗೂ ಮುಕ್ಕಾಲಡಿ ಅಂತರವಿರುವುದರಿಂದ, ಯಾರ ಕಣ್ಣನ್ನು ಪ್ರಮಾಣವಾಗಿ ಸ್ವೀಕರಿಸತಕ್ಕದ್ದೆಂಬ ಚರ್ಚೆ ಬಹುಕಾಲ ನಡೆದು, ‘ನೀರು ಹಾಕುವವರು ಯಾರೋ ಅವರ ಕಣ್ಣು’ ಎಂಬ ಆಕೆಯ ತೀರ್ಪಿನೊಡನೆ ಮುಗಿಯಿತು. ಮೇಲುಹಾಸಿಗೆ ಕರಿಕಲ್ಲಿನ ಚಪ್ಪಡಿಯೇ ಭೂಷಣವಾದರೂ, ಚೈತ್ರದ ಬಿಸಿಲಿಗೆ ಅದು ಹಂಚಿನಷ್ಟು ಕಾಯ್ದರೆ ತಟ್ಟೆಯಂಥ ಕುಂಡದಲ್ಲಿನ ಹಿಡಿ ಮಣ್ಣು ನಡುಹಗಲಿಗೆ ಮುನ್ನವೇ ಒಣಗಿಹೋಗುವುದು. ಆದುದರಿಂದ ನೀರು ಸೋರಿ ಗಾಳಿಯಾಡುವಂತೆ, ಬೆರಳಗಲದ ಸಂದು ಬಿಟ್ಟು, ಹೊನ್ನೆಮರದ ಪಟ್ಟಿಗಳನ್ನು ಹೊಡೆಸಿದೆವು.

ಹಿನ್ನೆಲೆಯ ಗೋಡೆ ತಿಳಿಬಣ್ಣದ್ದಾಗಿ, ಬೋಳಾಗಿ ಇದ್ದರೇನೇ ಕೊಂಬೆಕೊಂಬೆಯ ರೇಖೆಯೂ ಅದರ ಮೇಲೆ ಸ್ಫುಟವಾಗಿ ಮೂಡುವುದು. ಹಿಂದೆ ಪಕ್ಕದ ಮನೆಯವರ ಪಂಚೆ ಹಾರಾಡುತ್ತಿದ್ದರೆ ಎಂಥ ವೃಕ್ಷದ ಗಾಂಭೀರ್ಯವೂ ಉಳಿಯದು. ಗೋಡೆಯ ಖರ್ಚಿಗೆ ಒಪ್ಪಿಗೆ ಪಡೆಯಲೋಸುಗ ನಾನು ನನ್ನಾಕೆಗೆ ಹಿರೋಷಿಮಾದ ಯಮಾಕಿ ಮನೆತನದ ಪೈನ್ ಮರದ ಕಥೆಯನ್ನು ಹೇಳಿದೆನು. 1625ರಿಂದಲೂ ಪಳಗಿಸಿಕೊಂಡು ಬಂದ ಆ ಮರ, 1945ರಲ್ಲಿ ಅಣುಬಾಂಬು ಬಿದ್ದಾಗ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಷ್ಟೇ ಇದ್ದರೂ, ಸಸ್ಯಾಲಯದ ಎತ್ತರದ ಗೋಡೆಯ ಮರೆಯಲ್ಲಿ ಬದುಕುಳಿದು, 1976ರಲ್ಲಿ ಬಾಂಬು ಹಾಕಿದ ಅಮೆರಿಕಕ್ಕೇ ಉಡುಗೊರೆಯಾಗಿ ಹೋಗಿ, ಇಂದಿಗೂ ವಾಷಿಂಗ್ಟನ್ನಿನಲ್ಲಿ ಹಸುರಾಗಿದೆ. ಆಕೆ ಕ್ಷಣಕಾಲ ಮೌನವಾಗಿದ್ದು, ‘ಬಾಂಬಿನ ಮಾತು ಹಾಗಿರಲಿ, ಎದುರು ಮನೆ ಹುಡುಗರ ಕ್ರಿಕೆಟ್ ಚೆಂಡನ್ನು ನಿಮ್ಮ ಗೋಡೆ ತಡೆಯುತ್ತದೆಯೇ?’ ಎಂದಳು. ಗೋಡೆ ಎರಡು ವರಸೆ ಇಟ್ಟಿಗೆ ಹೆಚ್ಚು ಎದ್ದಿತು.

ಇಷ್ಟೆಲ್ಲ ಆದ ಮೇಲೆಯೂ ಕುಂಡಗಳು ಕುಳಿತಲ್ಲಿಯೇ ಕುಳಿತಿರುವಂತಿಲ್ಲ. ಬಿಸಿಲಿನ ಕಡೆಯ ಕೊಂಬೆಗಳಷ್ಟೇ ಕೊಬ್ಬದಿರಲೆಂದು ಆಗಾಗ್ಗೆ ಒಂದೊಂದು ಕಾಲುಸುತ್ತು ತಿರುಗಿಸಬೇಕು. ಪ್ರತಿಯೊಂದು ಬೋನ್ಸಾಯಿಗೂ ಮುಖವೆಂಬುದೊಂದುಂಟು. ಆದರೆ ನೆಂಟರು ಬರುವ ದಿನ ನಮ್ಮ ಆಲ ತಪ್ಪದೆ ಬೆನ್ನು ತಿರುಗಿಸಿಕೊಂಡಿರುತ್ತದೆ, ಅವರೂ ಆ ಬೆನ್ನನ್ನೇ ಮನಸಾರೆ ಹೊಗಳಿ ಕಾಫಿ ಕುಡಿದು ಹೋಗುತ್ತಾರೆ.

ಈ ಸೇವೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಜಪಾನಿನ ಓಮಿಯಾವನ್ನು ಸ್ಮರಿಸಬೇಕು. 1923ರ ಮಹಾಭೂಕಂಪದ ತರುವಾಯ ಟೋಕಿಯೋವನ್ನು ತೊರೆದ ಬೋನ್ಸಾಯ್ ಕುಶಲಿಗಳು 1925ರಲ್ಲಿ ಅಲ್ಲಿ ನೆಲೆಗೊಳಿಸಿದ ಹಳ್ಳಿಗೆ ಅವರೇ ವಿಧಿಸಿಕೊಂಡ ಕಟ್ಟಳೆಗಳು ಇವು: ನಿವಾಸಿಯ ಬಳಿ 10 ಬೋನ್ಸಾಯಿಗಳಾದರೂ ಇರತಕ್ಕದ್ದು, ಬಾಗಿಲು ಸಕಲರಿಗೂ ತೆರೆದಿರತಕ್ಕದ್ದು, ಬೇಲಿ ಗಿಡದ್ದೇ ಆಗಿರತಕ್ಕದ್ದು, ಮನೆಗೆ ಮಹಡಿ ಏರಿಸಕೂಡದು. ಒಂದು ಮೊಳದ ಮರಕ್ಕಾಗಿ ಊರಿಗೆ ಊರೇ ತಗ್ಗಿ ನಿಂತ ಆ ನಾಲ್ಕನೆಯ ಕಟ್ಟಳೆಯನ್ನು ನೆನೆದಾಗಲೆಲ್ಲ ನಾನು ನಿಟ್ಟುಸಿರು ಬಿಡುತ್ತೇನೆ. ಏಕೆಂದರೆ ನಮ್ಮ ಪೂರ್ವದಿಕ್ಕಿನ ನೆರೆಯವರು ಈಗ ಮೂರನೆಯ ಅಂತಸ್ತಿಗೆ ಸೆಂಟ್ರಿಂಗ್ ಹೊಡೆಸುತ್ತಿದ್ದಾರೆ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಕುಂಡವನ್ನು ಕೊಳ್ಳುವ ಮುನ್ನ ಬೆಳಗಿನ ಬಿಸಿಲು ಹಿತ್ತಿಲಿನಲ್ಲಿ ಎಲ್ಲಿ ಬೀಳುವುದೆಂದು ನೋಡಿಕೊಳ್ಳಿ, ಕಟ್ಟೆಯ ಎತ್ತರವನ್ನು ನೀರು ಹಾಕುವವರನ್ನೇ ಕೇಳಿ ನಿಶ್ಚಯಿಸಿ, ಪೂರ್ವದಿಕ್ಕಿನ ನೆರೆಯವರಿಗೆ, ಮಹಡಿಯ ಯೋಚನೆ ಅವರ ತಲೆಗೆ ಬರುವ ಮೊದಲೇ, ಒಂದು ಬೋನ್ಸಾಯನ್ನು ಕಾಣಿಕೆಯಾಗಿ ಕೊಟ್ಟುಬಿಡಿ.