ಕಿಲುಬು ಭಾವ

ನಮ್ಮ ಭಾವನ ಮುಂದೆ ‘ಕ್ಯಾಮೆರಾಕ್ಕೆ ತುಕ್ಕು ಹಿಡಿದಿದೆ’ ಅಂದೀರಿ, ಜೋಕೆ! “ತುಕ್ಕು ಹಿಡಿಯುವುದು ಕಬ್ಬಿಣಕ್ಕೆ ಮಾರಾಯ, ಇದು ಕಿಲುಬು” ಎಂದು ಶುರುವಾದ ಪಾಠಕ್ಕೆ ಮಂಗಳೂರಿನ ಆಟಿ ಮಳೆಯ ಹಾಗೆ ನಿಲ್ಲುವ ಲಕ್ಷಣವೇ ಇರುವುದಿಲ್ಲ. ಊರಿಗೊಬ್ಬ ಇಂಥ ಹಳೇ ಕ್ಯಾಮೆರಾ ಭಕ್ತ ಇದ್ದೇ ಇರುತ್ತಾನೆ. ಕಪಾಟಿನಲ್ಲಿ ಹನ್ನೆರಡು ಕ್ಯಾಮೆರಾ, ಗೋಡೆಯ ಮೇಲೆ ಒಂದು ಫೋಟೊ ಇಲ್ಲ. ಸಿಲಿಕಾ ಜೆಲ್ ನೀಲಿ ಬಿಟ್ಟು ಗುಲಾಬಿಯಾದರೆ ಮನೆಗೆ ಸೂತಕ.

ಭಾವನ ಪಟ್ಟದ ದೇವರು ಝೈಸ್ ಇಕಾನ್‌ನವರ ಕಾಂಟಾಫ್ಲೆಕ್ಸ್. 1953ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ವಂಶ. ಅದರ ಚರ್ಮದ ಹೊದಿಕೆಯ ಮೇಲೆ ಬೆವರುಸಾಲೆಯಂತೆ ಗುಳ್ಳೆಗಳು. ಅಡಿಯಲ್ಲಿರುವ ಹಿತ್ತಾಳೆ ರಿವೆಟ್ಟು ಕಿಲುಬು ಕಾರಿ ಚರ್ಮವನ್ನು ಎತ್ತುತ್ತದೆ. ಸಂಗ್ರಾಹಕರು ಇದಕ್ಕೆ ‘ಝೈಸ್ ಗುಳ್ಳೆ’ ಎಂದೇ ಹೆಸರಿಟ್ಟಿರುವುದು ಭಾವನಿಗೊಂದು ಹೆಮ್ಮೆ.

ಒಮ್ಮೆ ಅವರಿಲ್ಲದಾಗ ಲೆನ್ಸಿನ ಬಳೆಯ ಅಂಚಿನಲ್ಲಿ ಹಸಿರು ಕಂಡೆ. ಅಕ್ಕ ದೇವರ ದೀಪಕ್ಕೆ ಮಾಡುವುದನ್ನೇ ನಾನೂ ಮಾಡಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಲಕಲಕ! ಭಾವ ಬಂದವರು ಬೈಯಲಿಲ್ಲ, ಕುಸಿದು ಕೂತರು. “ಮೇಲೆ ಕ್ರೋಮಿಯಂ, ಕೆಳಗೆ ನಿಕಲ್, ಅದರ ಕೆಳಗೆ ಹಿತ್ತಾಳೆ. ಮೇಲಿನ ಪದರ ಕೂದಲಿಗಿಂತ ತೆಳು. ಅದರ ಸಣ್ಣ ತೂತಿನಲ್ಲಿ ಬೆವರಿನ ಉಪ್ಪು ಇಳಿದರೇ ಕಷ್ಟ, ನೀನು ಹುಳಿ ಇಳಿಸಿದ್ದೀ. ಒಂದೊಗ್ಗರಣೆ ಕೊಟ್ಟಿದ್ದರೆ ಸಾರಾಗುತ್ತಿತ್ತು.” ಅಂದಿನಿಂದ ಆ ಮನೆಯಲ್ಲಿ ನನಗೆ ಸಾರು ಬಡಿಸಿದಾಗೆಲ್ಲ ಭಾವ ಕೆಮ್ಮುತ್ತಾರೆ. ಕ್ಯಾಮೆರಾ ಮುಟ್ಟುವ ಮುನ್ನ ಅಂಗೈ ತಪಾಸಣೆ ಬೇರೆ.

ಹೋದ ತಿಂಗಳು ಪೇಟೆಯ ಸ್ಟುಡಿಯೊದಲ್ಲಿ ಒಂದು ಹಳೇ ಕ್ಯಾಮೆರಾ ನೋಡಿದೆವು. ನೂರಾರು ಮದುವೆ ಕಂಡದ್ದು. ಕಪ್ಪು ಬಣ್ಣ ಮೂಲೆಗಳಲ್ಲಿ ಸವೆದು ಹಿತ್ತಾಳೆ ಹೊಳೆಯುತ್ತಿತ್ತು. ಭಾವ ಅದನ್ನು ಬಹಳ ಹೊತ್ತು ಸವರಿದರು. “ದುಡಿದದ್ದು ಹಳದಿ ಆಗ್ತದೆ, ನಮ್ಮದು ಹಸಿರು. ಚರ್ಮದ ಚೀಲದಲ್ಲಿ ಮಲಗಿಸಿಟ್ಟೆ ನೋಡು, ಆ ಚೀಲವೇ ತೇವ ಹಿಡಿದಿಟ್ಟದ್ದು.” ನನಗೂ ಏನೋ ಆಯಿತು; ನನ್ನ ಪುಸ್ತಕಗಳೂ ಹೀಗೇ ಗಾಜಿನ ಕಪಾಟಿನಲ್ಲಿವೆ.

ಮನೆಗೆ ಬಂದವರೇ ರೀಲು ತುಂಬಿಸಿದರು. ಮಳೆ ಹೊಳವಾಗಿತ್ತು. ನನ್ನನ್ನು ಅಂಗಳದ ತುಳಸಿಕಟ್ಟೆಯ ಬಳಿ ನಿಲ್ಲಿಸಿ, “ಅಲ್ಲಾಡಬೇಡ, ನಗು” ಎಂದರು. ನಕ್ಕೆ. ಕ್ಯಾಮೆರಾ ಕಣ್ಣಿನವರೆಗೂ ಏರಿತು. ಅಷ್ಟರಲ್ಲಿ ತಳದ ಅಂಚಿನಲ್ಲಿ ಅವರಿಗೆ ಏನೋ ಹಸಿರು ಕಂಡಿತು.

“ಒಂದು ನಿಮಿಷ ಮಾರಾಯ” ಎಂದು ಕಡ್ಡಿ ಹುಡುಕಲು ಒಳಗೆ ಹೋದರು. ನಾನು ನಗುತ್ತಲೇ ನಿಂತಿದ್ದೆ.