ಹೊಸ್ತಿಲ ಮೀಮಾಂಸೆ

ಬಾಡಿಗೆ ಮನೆಯ ಕಸ ಕಂಡು ನೆರೆಯವರ ಗುಣ ಹೇಳುವ ವಿದ್ಯೆಗೆ ಇದುವರೆಗೆ ಯಾರೂ ಲಕ್ಷಣಗ್ರಂಥ ಬರೆದಂತಿಲ್ಲ. ಮೈಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂದು ತಿಳಿಸಲು ಪಂಚಾಂಗದಲ್ಲಿ ಒಂದು ಪುಟವೇ ಇದೆ. ಅದೇ ಹಲ್ಲಿ ಎದುರುಮನೆಯ ಬಾಗಿಲ ಸಂದಿಯಲ್ಲಿ ಸತ್ತು ಒಣಗಿ ಮೂರು ವಾರವಾದರೆ ಆ ಮನೆಯವರ ಬಗ್ಗೆ ಏನು ತಿಳಿಯಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಈ ಕೊರತೆ ನೀಗಲೆಂದು ದಕ್ಷಿಣ ಬೆಂಗಳೂರಿನ ಒಂದು ಆರು ಮನೆಗಳ ಕಟ್ಟಡದಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದು, ದಿನಾ ಬೆಳಗ್ಗೆ ಹಾಲಿನ ಪ್ಯಾಕೆಟ್ ತರುವ ನೆಪದಲ್ಲಿ ಕ್ಷೇತ್ರಕಾರ್ಯ ನಡೆಸಿ ಈ ಪ್ರಬಂಧ ಸಿದ್ಧಪಡಿಸಿದ್ದೇನೆ.

ಮೊದಲು ಶಬ್ದವಿಚಾರ. ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದ ಮನೆ. ಪ್ರವಾಹವೂ ಹೌದು, ತಲೆಯ ಬಿಳಿಗೂದಲೂ ಹೌದು. 'ಹೊರೆ' ಎಂದರೆ ಭಾರ. ಇವೆರಡನ್ನು ಕೂಡಿಸಿ 'ನೆರೆಹೊರೆ' ಎಂದವರು ಖಂಡಿತ ಬಾಡಿಗೆ ಮನೆಯಲ್ಲಿದ್ದವರು. ಮೇಲಿನವರು ಬಾಲ್ಕನಿ ತೊಳೆದ ನೀರು ನಾವು ಒಣಹಾಕಿದ ಬಟ್ಟೆಯ ಮೇಲೆ ಇಳಿದಾಗ ಮೊದಲೆರಡು ಅರ್ಥಗಳು ಬೇರೆಬೇರೆಯಲ್ಲ ಎಂದು ಗೊತ್ತಾಗುತ್ತದೆ. ಅದನ್ನು ಹೇಳಿಬರಲು ಮೆಟ್ಟಿಲು ಹತ್ತಿ ಇಳಿದ ಮೇಲೆ ಮೂರನೆಯದೂ ತಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು 'ಬಾಡಿಗೆ' ಶಬ್ದ 'ಬಾಡು' ಧಾತುವಿನಿಂದ ಬಂತು ಎಂಬುದು ನನ್ನ ಸ್ವಂತ ಸಂಶೋಧನೆ. ನಿಘಂಟುಕಾರರು ಒಪ್ಪುವುದಿಲ್ಲ. ಅವರಿಗೆ ಸ್ವಂತ ಮನೆ ಇದ್ದಿರಬೇಕು.

ಪ್ರಾಚೀನತೆ ಇಲ್ಲದ ಶಾಸ್ತ್ರಕ್ಕೆ ನಮ್ಮಲ್ಲಿ ಕೂರಲು ಮಣೆ ಸಿಗುವುದಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು; 1909ರಲ್ಲಿ ಅಚ್ಚಾಯಿತು. ದೊಡ್ಡ ವಿದ್ವಾಂಸರು ಅದರಲ್ಲಿ ಗೂಢಚಾರರನ್ನೂ ಕೋಶಾಗಾರವನ್ನೂ ಹುಡುಕಿಕೊಂಡು ಹೋದರು. ನಾನು ಹೋದದ್ದು ಬೀದಿಗೆ ಕಸ ಹಾಕಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರುನೀರು ಕಟ್ಟಿನಿಲ್ಲಿಸಿದವನಿಗೆ ಕಾಲು ಪಣ ಎಂದಿರುವ ಕಡೆಗೆ. ಅದಕ್ಕಿಂತ ಉಪಯುಕ್ತವಾದದ್ದು ಅವನ ಮಂಡಲ ಸಿದ್ಧಾಂತ: ಗಡಿಗೆ ಹತ್ತಿದ ರಾಜ ಶತ್ರು, ಅವನಾಚೆಯವನು ಮಿತ್ರ. ರಾಜರ ಸಂಗತಿ ನನಗೆ ತಿಳಿಯದು. ನಮ್ಮ ಕಟ್ಟಡದಲ್ಲಂತೂ ಇದು ಚಾಚೂ ತಪ್ಪದೆ ನಡೆಯುತ್ತದೆ. ಪಕ್ಕದ ಮನೆಯವರ ಚಪ್ಪಲಿ ಸ್ಟ್ಯಾಂಡಿನ ವಾಸನೆಯ ಬಗ್ಗೆ ನಾನು ಮಾತಾಡುವುದು ಅವರಾಚೆಯ ಮನೆಯವರ ಹತ್ತಿರ.

ಈಗ ಪ್ರಮಾಣಗಳಿಗೆ ಬರೋಣ. ಈ ಶಾಸ್ತ್ರದಲ್ಲಿ ಪ್ರತ್ಯಕ್ಷಕ್ಕೆ ಅವಕಾಶ ಬಹಳ ಕಡಿಮೆ. ಕೊರಿಯರ್‌ನವನು ಬೆಲ್ ಮಾಡಿದಾಗ ಎದುರುಮನೆಯ ಬಾಗಿಲು ತೆರೆದು ಮುಚ್ಚುವ ನಾಲ್ಕು ಸೆಕೆಂಡಿನಲ್ಲಿ ಸೋಫಾ ಮೇಲಿನ ಮಡಿಸದ ಬಟ್ಟೆಯ ರಾಶಿ ಕಂಡರೆ ಉಂಟು. ಉಳಿದದ್ದೆಲ್ಲ ಅನುಮಾನ, ಅದೂ ತರ್ಕಶಾಸ್ತ್ರದ ಅರ್ಥದಲ್ಲಿ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಸಾಧಿಸುವಾಗ ನೈಯಾಯಿಕರು ಕೊಡುವ ದೃಷ್ಟಾಂತ ಯಾವುದು? ಅಡುಗೆಮನೆ. ತರ್ಕ ಬೆಟ್ಟ ಹತ್ತಿದರೂ ಕೊನೆಗೆ ಇಣುಕುವುದು ಇನ್ನೊಬ್ಬರ ಅಡುಗೆಮನೆಗೇ.

ನೆಲಮಹಡಿಯ ಆಂಟಿ ನ್ಯಾಯಸೂತ್ರ ಓದಿದವರಲ್ಲ. ಆದರೂ ಮೇಲಿನ ಬ್ಯಾಚುಲರ್ ಹುಡುಗರ ಬಗ್ಗೆ ಅವರು ನಡೆಸಿದ ಅನುಮಾನದಲ್ಲಿ ಐದು ಅವಯವಗಳೂ ಕ್ರಮವಾಗಿದ್ದವು. "ಆ ಹುಡುಗ್ರ ಮನೆ ಗಬ್ಬು ಕಣಪ್ಪ. ಬಾಗಿಲ ಮುಂದೆ ಪಾರ್ಸೆಲ್ ಡಬ್ಬ ಬಿದ್ದಿದೆಯಲ್ಲ. ಎಲ್ಲಿ ಡಬ್ಬ ಬಿದ್ದಿರುತ್ತೋ ಅಲ್ಲಿ ಗಬ್ಬೇ, ನಮ್ಮ ನಾದಿನಿ ಮಗನ ರೂಮಿನ ಥರ. ಇಲ್ಲೂ ಬಿದ್ದಿದೆ. ಅಂದ್ಮೇಲೆ ಗಬ್ಬೇ." ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಒಂದೂ ಬಿಟ್ಟಿಲ್ಲ.

ದುರದೃಷ್ಟವಶಾತ್ ಒಂದು ದಿನ ನಮ್ಮ ಗ್ಯಾಸ್ ಲೈಟರ್ ಕೈಕೊಟ್ಟು, ಬೆಂಕಿಪೊಟ್ಟಣ ಕೇಳಲು ನಾನು ಆ ಹುಡುಗರ ಮನೆಯೊಳಗೆ ಕಾಲಿಡಬೇಕಾಯಿತು. ನೆಲ ಒರೆಸಿತ್ತು. ಬಕೆಟ್ಟಿನ ಮೇಲೆ ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಅಂಚು ಸರಿಮಾಡಿ ಒಣಹಾಕಿದ್ದರು. ಬಾಗಿಲಾಚೆಯ ಡಬ್ಬಗಳು ಒಣಕಸಕ್ಕೆ ಹಾಕುವ ಮುಂಚೆ ತೊಳೆದು ಬೋರಲು ಹಾಕಿದವು. ಹೀಗೆ 'ಸಾಧ್ಯ', ಅಂದರೆ ಇಲ್ಲಿ ಗಬ್ಬು, ಇಲ್ಲದ ಕಡೆಯಲ್ಲೂ ಹೇತು ಕಾಣಿಸಿಕೊಂಡರೆ ಅದಕ್ಕೆ ಸವ್ಯಭಿಚಾರ ಎನ್ನುತ್ತಾರೆ. ಗಾಬರಿ ಬೇಡ, ಹುಡುಗರ ಶೀಲದ ಮಾತಲ್ಲ, ತರ್ಕದ ಪರಿಭಾಷೆ. ಈ ಸಾಕ್ಷ್ಯವನ್ನು ನಾನು ಆಂಟಿಗೆ ಹೇಳಲಿಲ್ಲ. ಸಂಶೋಧನೆಯ ನಿಯಮಗಳಿಗಿಂತ ಮಂಡಲ ಸಿದ್ಧಾಂತ ದೊಡ್ಡದು.

ಈ ವಿದ್ಯೆಯ ನಿಜವಾದ ತೊಡಕು ಬೇರೆಯೇ ಇದೆ. ಸ್ವಂತ ಮನೆಯ ಕೊಳೆ ಸ್ವಯಾರ್ಜಿತ; ಬಾಡಿಗೆ ಮನೆಯದು ಪಿತ್ರಾರ್ಜಿತ, ಅದೂ ಕಂಡರಿಯದ ಪಿತೃಗಳದ್ದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಮಣ್ಣಿನ ಪದರ ನೋಡಿ ಯಾವ ಮಡಕೆಚೂರು ಯಾವ ಕಾಲದ್ದೆಂದು ಬಿಡಿಸಿ ಹೇಳಿದ. ನಮ್ಮ ಅಡುಗೆಮನೆಗೆ ಅವನು ಬಂದಿದ್ದರೆ ಕೆಲಸ ಇನ್ನೂ ಸುಲಭವಿತ್ತು. ದೇವರ ಗೂಡಿನ ಎಣ್ಣೆಕಲೆ ನಮ್ಮದು. ಅದರ ಕೆಳಗಿನ ಕುಂಕುಮದ ಬೊಟ್ಟು ಹಿಂದಿನವರದ್ದು. ಅವರಿಗಿಂತ ಹಿಂದಿನವರ ಮಗು ಕಬೋರ್ಡಿಗೆ ಅಂಟಿಸಿದ ಕ್ರಿಕೆಟ್ ಸ್ಟಿಕ್ಕರಿನಲ್ಲಿ ಈಗ ಬ್ಯಾಟು ಮಾತ್ರ ಉಳಿದಿದೆ, ಆಟಗಾರ ನಿವೃತ್ತ. ಒಲೆಯ ಮೇಲಿನ ಮೂಲೆಯಲ್ಲಿ ಜೋತ ಇಲ್ಲಣದಲ್ಲಿ ಮೂರು ಸಂಸಾರಗಳ ಒಗ್ಗರಣೆ ಇದೆ. ಬಚ್ಚಲಿನ ಟೈಲ್ಸಿನ ಮೇಲೆ ಬೋರ್ ನೀರಿನ ಉಪ್ಪು ಬಿಳಿ ಪೊರೆಯಾಗಿ ಕೂತಿದೆ. ಆಸಿಡ್ ಹಾಕಿ ಉಜ್ಜಿದರೆ ಟೈಲ್ಸಿನ ಹೊಳಪು ಹೋಗುತ್ತದೆ, ಉಜ್ಜದಿದ್ದರೆ ನಮ್ಮ ಮಾನ. ಬೆಡ್‌ರೂಮಿನ ಗೋಡೆಯ ಒರತೆ ಓನರು ಪೈಪಿನಲ್ಲಿ ಉಳಿಸಿದ ದುಡ್ಡಿನ ಫಲ. ತೀರ್ಪು ಮಾತ್ರ ಈಗಿರುವವರ ಮೇಲೆ: "ಅವರ ಮನೇಲಿ ಎಂಥದೋ ಮುಗ್ಗಲು ವಾಸನೆ, ಅಲ್ವಾ?"

ಹಾಗಾದರೆ ಬಂದವರು ಎಲ್ಲವನ್ನೂ ಕೆರೆದು ತೊಳೆಯಬಾರದೇ ಎಂಬ ಪೂರ್ವಪಕ್ಷಕ್ಕೆ ಉತ್ತರ ಕಾನೂನಿನಲ್ಲಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ಆದ್ದರಿಂದ ಕರಾರು ಹನ್ನೊಂದು ತಿಂಗಳಿಗೆ. ಹನ್ನೊಂದು ತಿಂಗಳ ಅತಿಥಿ ಹಿಂದಿನವರ ಒಗ್ಗರಣೆ ಕೆರೆಯಲು ಯಾಕೆ ಕೂರುತ್ತಾನೆ? ನಾನು ಹೀಗೆ ಹನ್ನೊಂದು ಹನ್ನೊಂದಾಗಿ ಒಂಬತ್ತು ವರ್ಷ ಕಳೆದಿದ್ದೇನೆ, ಪ್ರತಿ ಸಲವೂ ಮುಂದಿನ ತಿಂಗಳು ಬಿಡುವವನ ಮನಸ್ಸಿನಲ್ಲಿ. ಅಡ್ವಾನ್ಸ್ ಹತ್ತು ತಿಂಗಳದ್ದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದು 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ. ಓನರುಗಳು ಅದನ್ನು ಮಾದರಿ ವಿದ್ಯಾರ್ಥಿಯ ಹಾಗೆ ದೂರದಿಂದಲೇ ಮೆಚ್ಚಿಕೊಳ್ಳುತ್ತಾರೆ. ಖಾಲಿ ಮಾಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆಗೆ ಮೊಳೆ ಹೊಡೆಯಲು ಹೆದರಿ ಕ್ಯಾಲೆಂಡರನ್ನು ಫ್ರಿಜ್ಜಿಗೆ ಒರಗಿಸಿಟ್ಟವನಿಗೂ, ಹಾಲಿನ ಗೋಡೆಯಲ್ಲಿ ಮಗನಿಗೆ ಮಗ್ಗಿ ಬರೆಸಿದವನಿಗೂ ಒಂದೇ ಕಡಿತ. ಓನರುಗಳು ಅದ್ವೈತಿಗಳು, ತರತಮ ನೋಡುವುದು ನಾವು ಬಾಡಿಗೆಯವರೇ.

ಒಮ್ಮೆ ಮಾತ್ರ ಈ ಶಾಸ್ತ್ರ ತಲೆಕೆಳಗಾಗಿತ್ತು. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಅಲ್ಲಿಯವರೆಗೆ ಸೋಮಾರಿ ಎನಿಸಿಕೊಂಡಿದ್ದ ಎದುರುಮನೆಯವರ ಧೂಳು ಹಿಡಿದ ಕಾರು ರಾತ್ರೋರಾತ್ರಿ ನಾಗರಿಕ ಪ್ರಜ್ಞೆಯಾಯಿತು. ಫಳಫಳ ಹೊಳೆಯುತ್ತಿದ್ದ ನನ್ನ ಸ್ಕೂಟರನ್ನು ಜನ ನಿಂತು ನೋಡತೊಡಗಿದರು. ನಾನು ಅದನ್ನು ಎರಡು ದಿನ ಮಣ್ಣು ರಸ್ತೆಯಲ್ಲಿ ಓಡಿಸಿ ಮರ್ಯಾದೆ ಉಳಿಸಿಕೊಂಡೆ.

ಇನ್ನು ಕಸ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ ಒಂದು ಚೀಲ ಎಂಬ ಆದೇಶ ಕೊಟ್ಟಿತು: ಹಸಿರು ಬುಟ್ಟಿಗೆ ಹಸಿಕಸ, ಕೆಂಪಿಗೆ ಇನ್ನೆಲ್ಲೂ ಸಲ್ಲದ್ದು, ಚೀಲಕ್ಕೆ ಒಣಕಸ. ಅವಿಭಕ್ತವಾಗಿದ್ದ ಕಸ ಹೀಗೆ ಹಿಸ್ಸೆಯಾದದ್ದೇ ತಡ, ನಮ್ಮ ವಿದ್ಯೆಗೆ ಮೂರು ಹೊಸ ಶಾಖೆ ಒಡೆದವು. ಆದರೆ ನಮ್ಮ ಕಟ್ಟಡದಲ್ಲಿ ವಾರಕ್ಕೆರಡು ಸಲ ಗೇಟಿನ ಹತ್ತಿರ, ಹುಡುಗರ ಬುಟ್ಟಿಯ ಪಕ್ಕದಲ್ಲಿ, ಗಂಟು ಹಾಕಿದ ಒಂದು ಕಪ್ಪು ಕವರು ಪ್ರತ್ಯಕ್ಷವಾಗುತ್ತಿತ್ತು. ಒಳಗೆ ಎಲ್ಲವೂ ಕಲಸುಮೇಲೋಗರ. ಕಸದ ಆಟೋದವರು ಮುಟ್ಟುತ್ತಿರಲಿಲ್ಲ. ನಾಯಿಗಳು ಮುಟ್ಟುತ್ತಿದ್ದವು. ತನಿಖೆಯ ನೇತೃತ್ವ ಆಂಟಿಯದು, ಆರೋಪಿಗಳು ಹುಡುಗರು. ಒಂದು ಬೆಳಗ್ಗೆ ನಾಯಿ ಎಳೆದಾಡಿದ ಕವರಿನಿಂದ ಅಗಿದು ಬಿಸಾಡಿದ ನುಗ್ಗೆಕಾಯಿ ಸಿಪ್ಪೆ ಆಚೆ ಬಿದ್ದಿತ್ತು. ಆ ಹುಡುಗರು ನುಗ್ಗೆಕಾಯಿ ಬೇಯಿಸುವವರಲ್ಲ ಎಂದು ನಾನು ಆಕ್ಷೇಪ ಎತ್ತಿದೆ. "ಪಾರ್ಸೆಲ್ ತರಿಸಿರ್ತಾರೆ ಬಿಡಿ," ಎಂದು ಆಂಟಿ ಆಕ್ಷೇಪವನ್ನು ತಳ್ಳಿಹಾಕಿದರು.

ಕೊನೆಯದಾಗಿ ಕೋಲಿನ ಪ್ರಕರಣ. ಮೆಟ್ಟಿಲ ಕೆಳಗೆ ಒಂದು ಉದ್ದನೆಯ ಬಿದಿರು ಕೋಲಿದೆ. ತುದಿಗೆ ಹಳೇ ಪೊರಕೆ ಕಟ್ಟಿದೆ. ಯಾರದೆಂದು ಯಾರಿಗೂ ಗೊತ್ತಿಲ್ಲ, ಇಲ್ಲಣ ಹೊಡೆಯಲು ಆರೂ ಮನೆಗೆ ಅದೊಂದೇ. ಯುಗಾದಿಗೋ ಆಯುಧಪೂಜೆಗೋ ಮುಂಚೆ ಅದನ್ನು ಒಯ್ದರೆ ಆಚಾರ. ಬೇರೆ ದಿನ ಒಯ್ದರೆ ತಪ್ಪೊಪ್ಪಿಗೆ. ಈ ಸಲ ಕಾರ್ತಿಕ ಮಾಸದಲ್ಲಿ ಕೋಲು ಎರಡು ದಿನ ಕಾಣೆಯಾಯಿತು. "ಯಾರ ಮನೇಲೋ ಬಲೆ ಕಟ್ಟಿ ನೇತಾಡ್ತಿರಬೇಕು," ಎಂದು ಆಂಟಿ ಗೇಟಿನ ಹತ್ತಿರ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು. ನಾನೂ ತಲೆಯಾಡಿಸಿದೆ. ಆ ಕೋಲು ಆಗ ನಮ್ಮ ಮಂಚದ ಕೆಳಗಿತ್ತು. ಊರಿಂದ ಅತ್ತಿಗೆ ಬರುವವರಿದ್ದರು.

ರಾತ್ರಿ ಹತ್ತೂವರೆಗೆ, ಎಲ್ಲ ಮನೆಯ ಟಿವಿ ನಿಂತ ಮೇಲೆ, ಕೋಲನ್ನು ಲುಂಗಿಯ ಮರೆಗೆ ಹಿಡಿದು ಚಪ್ಪಲಿ ಇಲ್ಲದೆ ಮೆಟ್ಟಿಲಿಳಿದೆ. ಆರಡಿ ಕೋಲನ್ನು ಲುಂಗಿ ಎಷ್ಟು ಮರೆಮಾಡೀತು? ಗೇಟಿನ ಬಳಿ ಯಾರೋ ಬಗ್ಗಿದ್ದರು. ನಮ್ಮ ಕಟ್ಟಡದ ಕಾಮನ್ ಲೈಟು ತಾನಾಗಿ ಹತ್ತುವುದಿಲ್ಲ, ಆದರೆ ರಸ್ತೆಯಲ್ಲಿ ಹೋದ ಒಂದು ಬೈಕಿನ ಬೆಳಕು ಸಾಕಾಯಿತು. ಆಂಟಿ. ಕೈಯಲ್ಲಿ ಗಂಟು ಹಾಕಿದ ಕಪ್ಪು ಕವರು.

ಅವರು ಕೋಲಿನ ಕಡೆ ನೋಡಲಿಲ್ಲ. ನಾನು ಕವರಿನ ಕಡೆ ನೋಡಲಿಲ್ಲ.

"ಊಟ ಆಯ್ತಾ?" ಅಂದರು.

"ಆಯ್ತು ಆಂಟಿ. ನಿಮ್ದು?"

"ಆಯ್ತಪ್ಪ. ಇವತ್ತು ನುಗ್ಗೆಕಾಯಿ ಹುಳಿ."